ಮೆಟ್ಟಿಲು ಉಜ್ಜುವವಳು

ಇಂಗ್ಲೆಂಡಿನ ಉತ್ತರದ ಕಡಲಂಚಿನಲ್ಲಿದೆ ನಮ್ಮ ಬಂದರಿನ ಬೀದಿ. ಇಲ್ಲಿ ಮನೆಗಳೆಲ್ಲ ಒಂದರ ಭುಜಕ್ಕೆ ಒಂದು ಒರಗಿ ನಿಂತಿವೆ. ಪ್ರತಿ ಬಾಗಿಲ ಮುಂದೆ ಒಂದು ಕಲ್ಲಿನ ಮೆಟ್ಟಿಲು. ಮನೆಗೆ ದೊಡ್ಡವರು ಯಾರಾದರೂ ಬರುತ್ತಾರೆಂದರೆ ನಮ್ಮ ಹೆಂಗಸರು ಮೊದಲು ಆ ಮೆಟ್ಟಿಲನ್ನು ಉಜ್ಜುಗಲ್ಲಿನಿಂದ ತಿಕ್ಕಿ ಬೆಳ್ಳಗೆ ಮಾಡುತ್ತಾರೆ. ಡಾಕ್ಟರು ಬರಲಿ, ಪಾದ್ರಿ ಬರಲಿ, ಹೆಣ ಹೊರುವವರೇ ಬರಲಿ, ಮೆಟ್ಟಿಲು ಬೆಳ್ಳಗಿರಬೇಕು. "ಒಳಗೆ ಏನೇ ಇರಲಿ, ಮೆಟ್ಟಿಲು ನೋಡಿ ಮನೆ ಅಳೀತಾರೆ ಕಣೇ" ಎಂದು ಗ್ಲೆಂಡಾಳ ತಾಯಿ ಹೇಳುತ್ತಿದ್ದಳು. ಆಕೆ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಆಕೆಯ ಉಜ್ಜುಗಲ್ಲು ಮಾತ್ರ ನೆಲಮಾಳಿಗೆಯ ಗೂಡಿನಲ್ಲಿ ಹಾಗೇ ಇತ್ತು.

ಗ್ಲೆಂಡಾಗೆ ಈಗ ಐವತ್ತೆಂಟು. ಇಪ್ಪತ್ನಾಲ್ಕು ವರ್ಷ ಬಂದರಿನ ಮೀನು ಶೆಡ್ಡಿನಲ್ಲಿ ಐಸು ನೀರಿಗೆ ಕೈ ಹಾಕಿ ಮೀನು ಸೀಳಿದವಳು. ಮೊದಲು ಬೆರಳು ಬಿಗಿದವು. ಆಮೇಲೆ ಮೊಣಕಾಲು, ಆಮೇಲೆ ಹೆಗಲು. ಡಾಕ್ಟರು ಕೀಲುವಾತ ಎಂದರು. ಬೆಳಿಗ್ಗೆ ಹತ್ತರವರೆಗೆ ಅವಳ ಮುಷ್ಟಿ ಮುಚ್ಚುತ್ತಿರಲಿಲ್ಲ. ಒಂದು ದಿನ ಎದ್ದು ಓಡಾಡಿದರೆ ಮೂರು ದಿನ ಹಾಸಿಗೆ. ಕೆಲಸ ಬಿಟ್ಟಳು. ಸರ್ಕಾರದ ಕಾಯಿಲೆ ಭತ್ಯೆಗೆ ಅರ್ಜಿ ಹಾಕಿದಳು. ಕೆಲಸಕ್ಕೆ ಆಗುತ್ತಾಳೋ ಇಲ್ಲವೋ ಎಂದು ನೋಡಲು ಮಂಗಳವಾರ ಒಬ್ಬ ತಪಾಸಣೆಯವನು ಮನೆಗೆ ಬರುತ್ತಾನೆ ಎಂದು ಕಾಗದ ಬಂತು.

ಸೋಮವಾರ ಗ್ಲೆಂಡಾ ನೆಲಮಾಳಿಗೆಯಿಂದ ತಾಯಿಯ ಕಲ್ಲು ತರಿಸಿದಳು. ಎರಡು ಮೊಣಕೈಯ ನಡುವೆ ಅದನ್ನು ಒತ್ತಿ ಹಿಡಿದು, ಅಳುತ್ತಾ, ಮೆಟ್ಟಿಲನ್ನು ಉಜ್ಜಿದಳು.

"ಬಿಡೇ, ನಾನು ಮಾಡ್ತೀನಿ" ಎಂದ ಗಂಡ ಟೆರಿ.

"ನೀನು ಉಜ್ಜಿದ್ರೆ ಹಸು ನೆಕ್ಕಿದ ಹಾಗಿರುತ್ತೆ. ಸುಮ್ನಿರು."

ಮಂಗಳವಾರ ಟೆರಿ ಅವಳ ಅಂಗಿಯ ಗುಂಡಿ ಹಾಕಿದ, ಕಿವಿಯೋಲೆ ಸಿಕ್ಕಿಸಿದ. ತುಟಿಗೆ ಬಣ್ಣ ಅವಳೇ ಬಳಿದುಕೊಂಡಳು. ತಪಾಸಣೆಯವನು ಒಳ್ಳೆಯ ಮನುಷ್ಯ. ಕೂತು, "ಹೇಗಿದೀರಿ?" ಎಂದ.

"ಪರವಾಗಿಲ್ಲಪ್ಪ. ದೂರೋಕೇನಿದೆ" ಎಂದಳು ಗ್ಲೆಂಡಾ. ನಮ್ಮ ಬೀದಿಯಲ್ಲಿ ಸಾಯುವವರೂ ಹೀಗೇ ಹೇಳುತ್ತಾರೆ. ಎದ್ದು ಬಿಸ್ಕತ್ತಿನ ತಟ್ಟೆ ತಂದುಕೊಟ್ಟಳು. ಹವಾಮಾನದ ಬಗ್ಗೆ ಹೇಳಿ ನಗಿಸಿದಳು. ಅವನು ಹೋದ ಮೇಲೆ ಶುಕ್ರವಾರದವರೆಗೆ ಹಾಸಿಗೆಯಿಂದ ಏಳಲಿಲ್ಲ. ಅದನ್ನು ನೋಡಲು ಅವನು ಅಲ್ಲಿರಲಿಲ್ಲ.

ಮೂರು ವಾರಕ್ಕೆ ತೀರ್ಮಾನದ ಕಾಗದ ಬಂತು. ಗ್ಲೆಂಡಾ ಕೆಲಸಕ್ಕೆ ಶಕ್ತಳು, ಇನ್ನು ಕೆಲಸ ಹುಡುಕುತ್ತಿದ್ದರೆ ಮಾತ್ರ ಭತ್ಯೆ ಎಂದಿತ್ತು. ಕೆಳಗೆ ಕಾರಣಗಳು. ಯಾರ ಆಸರೆಯೂ ಇಲ್ಲದೆ ಕುರ್ಚಿಯಿಂದ ಎದ್ದಳು. ತಟ್ಟೆ ಹಿಡಿದು ತಂದಳು. ಉಡುಪು ಓರಣವಾಗಿತ್ತು. ನಗುನಗುತ್ತಾ ಮಾತಾಡಿದಳು.

ಗ್ಲೆಂಡಾ ಎರಡು ಸಲ ಓದಿದಳು. ಒಂದು ಸಾಲೂ ಸುಳ್ಳಾಗಿರಲಿಲ್ಲ. ಆದರೂ ಅದರೊಳಗೆ ಇದ್ದವಳು ತಾನಲ್ಲ ಅನ್ನಿಸಿತು.

"ಇದ್ಯಾರೋ ಬೇರೆಯವಳು, ಟೆರಿ. ಆವತ್ತು ಕೋಣೇಲಿ ಇನ್ನೊಬ್ಬಳು ಕೂತಿದ್ಲಾ?"

"ಇಬ್ಬರು ಗ್ಲೆಂಡಾರನ್ನ ಸಾಕೋ ಶಕ್ತಿ ನನಗಿಲ್ಲಮ್ಮ" ಎಂದು ಟೆರಿ ನಕ್ಕ. ಅವಳು ನಗಲಿಲ್ಲ.

ಮಾರನೆಯ ದಿನ ಬೆಳಗಿನ ಆರಕ್ಕೆ ಗ್ಲೆಂಡಾಗೆ ಎಚ್ಚರವಾಯಿತು. ಕಿಟಕಿಯ ತುಂಬ ಕಡಲ ಮಂಜು. ಕೆಳಗಿನಿಂದ ಸದ್ದು ಬರುತ್ತಿತ್ತು. ಗರಕ್, ಗರಕ್, ಗರಕ್. ಕಲ್ಲಿನ ಮೇಲೆ ಕಲ್ಲು. ಮಗುವಾಗಿದ್ದಾಗಿನಿಂದ ಕೇಳಿದ ಸದ್ದು ಅದು. ಅವಳು ಏಣಿಮೆಟ್ಟಿಲ ಮೇಲೆ ಕೂತು, ಒಂದೊಂದೇ ಮೆಟ್ಟಿಲು ಜಾರಿ ಕೆಳಗಿಳಿದಳು. ಅಷ್ಟು ಹೊತ್ತೂ ಸದ್ದು ನಿಲ್ಲಲಿಲ್ಲ. ಅವಳು ಚಿಲಕ ಮುಟ್ಟಿದಾಗ ನಿಂತಿತು.

ಹೊರಗೆ ಯಾರೂ ಇರಲಿಲ್ಲ. ಮೆಟ್ಟಿಲು ಒದ್ದೆಯಾಗಿತ್ತು. ಹಲ್ಲಿನಷ್ಟು ಬೆಳ್ಳಗಿತ್ತು.

ಟೆರಿಯನ್ನು ಎಬ್ಬಿಸಿ ನೆಲಮಾಳಿಗೆಗೆ ಕಳಿಸಿದಳು. ಗೂಡಿನಲ್ಲಿದ್ದ ಉಜ್ಜುಗಲ್ಲೂ ಒದ್ದೆ.

"ಮಂಜು ಕಣೇ" ಎಂದ ಟೆರಿ.

"ಮಂಜು ನೆಲಮಾಳಿಗೆಗೂ ಇಳಿಯುತ್ತಾ?"

"ಈ ಮನೇಲಿ ಇಳಿಯುತ್ತೆ. ನನ್ನ ಕಾಲ್ಚೀಲ ಮುಟ್ಟಿ ನೋಡು."

ಆ ವಾರವೇ ಉದ್ಯೋಗ ಕಚೇರಿಗೆ ಬರಬೇಕೆಂದು ಕರೆ ಬಂತು. ಅಲ್ಲಿದ್ದ ಹುಡುಗಿ ವಯಸ್ಸಿನ ಅಧಿಕಾರಿ ಗಣಕದ ಪರದೆ ನೋಡುತ್ತಾ ಮಾತಾಡಿದಳು. "ನಿಮಗೆ ಗೊತ್ತಿರೋ ಕೆಲಸಾನೇ ಇದೆ ನೋಡಿ. ಬಂದರಿನ ಮೀನು ಶೆಡ್ಡು. ಇನ್ನು ಮೂರು ವಾರದೊಳಗೆ ಅರ್ಜಿ ಹಾಕಬೇಕು. ಹಾಕದೇ ಇದ್ರೆ ನಿಮ್ಮ ಭತ್ಯೆ ತಡೆಹಿಡೀಬೇಕಾಗುತ್ತೆ."

"ಈ ಕೈಯಲ್ಲಾ?" ಎಂದು ಗ್ಲೆಂಡಾ ಎರಡೂ ಕೈ ಮೇಜಿನ ಮೇಲಿಟ್ಟಳು.

ಹುಡುಗಿ ಕೈ ನೋಡಿದಳು. ಪರದೆ ನೋಡಿದಳು. ಮತ್ತೆ ಕೈ ನೋಡಿದಳು. ಎರಡರಲ್ಲಿ ಒಂದನ್ನು ನಂಬಬೇಕಾಗಿತ್ತು. "ಇಲ್ಲಿರೋರು ಚೆನ್ನಾಗಿದಾರಲ್ಲ" ಎಂದಳು ಮೆಲ್ಲಗೆ, ಪರದೆಯತ್ತ ತೋರಿಸಿ.

ಬಸ್ಸಿಗೆ ಕಾಯುವಾಗ ಹಳೆಯ ಜೊತೆಗಾತಿ ಪಾಲೀನ್ ಸಿಕ್ಕಳು. ಆಕೆ ಇನ್ನೂ ಶೆಡ್ಡಿನಲ್ಲೇ ದುಡಿಯುತ್ತಾಳೆ.

"ಏನೇ, ಮತ್ತೆ ಶೆಡ್ಡಿಗೆ ಬರ್ತಿದೀಯಾ? ನಿನ್ನೆ ಬೆಳಿಗ್ಗೆ ಗೇಟ್ ಹತ್ರ ನೋಡಿದೆ. ಕೂಗಿದೆ, ತಿರುಗಲಿಲ್ಲ. ಏನು ಚುರುಕಾಗಿ ನಡೀತಿದ್ದೆ ಮಾರಾಯ್ತಿ, ಹುಡುಗಿ ಥರ."

ನಿನ್ನೆ ಬೆಳಿಗ್ಗೆ ಗ್ಲೆಂಡಾ ಹಾಸಿಗೆಯಲ್ಲಿದ್ದಳು. ಟೆರಿ ಚಮಚದಲ್ಲಿ ಗಂಜಿ ಕುಡಿಸಿದ್ದ.

ಮನೆಗೆ ಬಂದವಳು ಕೋಟು ತೆಗೆಯದೆ ಕೂತಳು. "ಅವಳು ಶೆಡ್ಡಿನೊಳಗೆ ಕಾಲಿಟ್ರೆ ನಾನೂ ಹೋಗಲೇಬೇಕು, ಟೆರಿ. ಹೋದ್ರೆ ನಾನು ಉಳಿಯಲ್ಲ."

ಟೆರಿಗೆ ಈಗ ತಮಾಷೆ ಹೊಳೆಯಲಿಲ್ಲ. ಪಕ್ಕದ ಮನೆಯ ಮಾರ್ಜರಿಯನ್ನು ಕರೆತಂದ.

ಮಾರ್ಜರಿಗೆ ಎಪ್ಪತ್ತಾರು. ಗಂಡನ ಶ್ವಾಸಕೋಶ ಕೆಟ್ಟಾಗ ಅವನ ಭತ್ಯೆಗಾಗಿ ಅಲೆದು ಅಲೆದು ಕಾನೂನು ಕಲಿತವಳು. ಈಗ ಬುಧವಾರಗಳಂದು ಗ್ರಂಥಾಲಯದಲ್ಲಿ ಕೂತು ಪರರ ಅರ್ಜಿ ತುಂಬಿಕೊಡುತ್ತಾಳೆ, ಪುಕ್ಕಟೆಯಾಗಿ. ಬಾಗಿಲಲ್ಲೇ ನಿಂತು ಮೆಟ್ಟಿಲನ್ನು ದಿಟ್ಟಿಸಿದಳು.

"ಇದನ್ನ ಯಾರು ಉಜ್ಜಿದ್ದು?"

"ಗೊತ್ತಿಲ್ಲ ಮಾರ್ಜರಿ. ದಿನಾ ಬೆಳಿಗ್ಗೆ ಹೀಗೇ ಇರುತ್ತೆ" ಎಂದಳು ಗ್ಲೆಂಡಾ. "ಮೊದಲನೇ ಸಲ ಉಜ್ಜಿದ್ದು ನಾನು. ತಪಾಸಣೆಯವನು ಬರ್ತಾನೆ ಅಂತ."

"ಅದಾದ ಮೇಲೆ ಎಷ್ಟು ದಿನ ಮಲಗಿದ್ದೆ?"

"ಮೂರು."

"ಅದನ್ನ ಅವನಿಗೆ ಹೇಳಿದ್ಯಾ?"

"ಮಲಗಿದ್ದು ಅವನು ಹೋದ ಮೇಲೆ."

"ಯಾವಾಗ್ಲೂ ಹೀಗೇ ಆಗುತ್ತೆ ಅಂತಾದ್ರೂ?"

"ಅವನು ಕೇಳಲಿಲ್ಲ."

ಮಾರ್ಜರಿ ಕುರ್ಚಿ ಎಳೆದು ಕೂತಳು. "ನೋಡು ಮಗಳೇ. ಅವನ ಮುಂದೆ ನೀನು ಒಬ್ಬಳನ್ನ ಕೂರಿಸಿದೆ. ಓಲೆ ಹಾಕ್ಕೊಂಡವಳು, ಪರವಾಗಿಲ್ಲ ಅನ್ನೋಳು. ಅವನು ಅವಳನ್ನ ಬರಕೊಂಡು ಹೋದ. ಬರೆದ ಮೇಲೆ ಅವಳು ಓಡಾಡ್ತಾಳೆ. ಓಡಾಡದೆ ಏನು ಮಾಡ್ತಾಳೆ? ಈಗ ಕಚೇರೀಲಿ ನಿನ್ನ ಹೆಸರು ಅವಳದು."

"ಅವಳನ್ನ ಕಳಿಸೋದು ಹೇಗೆ?"

"ನೀನು ಯಾರು ಅಂತ ಬರೆಯೋದು. ತಾರೀಖು ಹಾಕಿ."

ಟೆರಿ ತಲೆ ಅಲ್ಲಾಡಿಸಿದ. "ಸರ್ಕಾರದ ಮೇಲೆ ಜಗಳಕ್ಕೆ ಹೋಗಿ ಗೆದ್ದೋರುಂಟಾ? ಇರೋದನ್ನೂ ಕಿತ್ಕೊಂಡ್ರೆ?"

"ಜಗಳ ಯಾರಪ್ಪ ಆಡ್ತಾರೆ? ಇನ್ನೊಂದ್ಸಲ ನೋಡಿ ಅಂತ ಕೇಳೋದು. ಕೇಳೋ ಹಕ್ಕು ಕಾಗದದಲ್ಲೇ ಬರೆದಿದೆ, ಕೊನೇ ಪುಟದಲ್ಲಿ. ಆ ಪುಟ ಯಾರೂ ತಿರುವಿ ಹಾಕಲ್ಲ. ಕಾಗದದ ತಾರೀಖಿಂದ ಒಂದು ತಿಂಗಳೊಳಗೆ ಕೇಳಬೇಕು. ತಪಾಸಣೆಯವನ ಪೂರ್ತಿ ವರದೀನೂ ತರಿಸಿ."

ವರದಿ ಬಂತು. ಮಾರ್ಜರಿ ಗಟ್ಟಿಯಾಗಿ ಓದಿದಳು. ನಾಲ್ಕನೆಯ ಪುಟದಲ್ಲಿ ಅವಳ ದನಿ ತಗ್ಗಿತು. "ಮನೆಯ ಮುಂದಿನ ಮೆಟ್ಟಿಲು ಆಗತಾನೆ ಉಜ್ಜಿದಂತೆ ಶುಭ್ರವಾಗಿತ್ತು."

ಮೂವರೂ ಬಾಗಿಲ ಕಡೆ ನೋಡಿದರು.

ಆ ಸಂಜೆಯಿಂದ ಒಂದು ನೋಟುಪುಸ್ತಕ ಶುರುವಾಯಿತು. ಗ್ಲೆಂಡಾಗೆ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಅವಳು ಹೇಳಿದಳು, ಟೆರಿ ಬರೆದ. ಮೊದಮೊದಲು ಅವಳ ಬಾಯಿಂದ ಮಾತೇ ಹೊರಡಲಿಲ್ಲ.

"ಇವತ್ತು ಪರವಾಗಿರಲಿಲ್ಲ ಅಂತ ಬರಿ."

"ಬರೆಯಲ್ಲ. ಬೆಳಿಗ್ಗೆ ನಿನ್ನ ಗುಂಡಿ ಹಾಕಿದ್ದು ಯಾರು? ನಾನು. ನಲ್ಲಿ ತಿರುಗಿಸಿದ್ದು? ನಾನು. ಕಕ್ಕಸಿನಿಂದ ಎತ್ತಿ ತಂದಿದ್ದು?"

"ಅದನ್ನೂ ಬರೀತೀಯಾ? ಮಾನ ಹೋಗುತ್ತೆ ಕಣೋ."

ಟೆರಿ ಬರೆಯುತ್ತಾ ಹೋದ. ಒಂದು ಪುಟ ತುಂಬಿದಾಗ ಪೆನ್ನು ಕೆಳಗಿಟ್ಟ. ವರ್ಷದಿಂದ ಇವೆಲ್ಲ ತಾನೇ ಮಾಡುತ್ತಿದ್ದರೂ ಒಟ್ಟಿಗೆ ಒಂದೆಡೆ ನೋಡಿರಲಿಲ್ಲ. "ಇಷ್ಟೊಂದಾ?" ಎಂದ. ಹೆಂಡತಿಯ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡ, ಆಮೇಲೆ ಹೊಸ ಪುಟ ತಿರುವಿದ.

ಮಾರನೆಯ ಬೆಳಿಗ್ಗೆ ಸದ್ದು ಟೆರಿಗೂ ಕೇಳಿಸಿತು. ಅವನು ಹಾಸಿಗೆಯಲ್ಲಿ ಎದ್ದು ಕೂತ. "ಗ್ಲೆಂಡಾ. ನೀನು ಇಲ್ಲೇ ಇದೀಯಾ?"

"ಇಲ್ಲೇ ಇದೀನಿ."

"ಹಾಗಾದ್ರೆ..."

"ಹೂಂ. ಅವಳೇ. ಕೇಳು, ಮೊದಲಿಗಿಂತ ಮೆಲ್ಲಗಿದೆ."

ಮರುಪರಿಶೀಲನೆಯ ಅರ್ಜಿ ಕಳಿಸಿದ ಮೇಲೆ ಮಾರ್ಜರಿ ಉದ್ಯೋಗ ಕಚೇರಿಗೂ ಜೊತೆಯಲ್ಲಿ ಬಂದಳು. ಡಾಕ್ಟರ ಚೀಟಿ, ನೋಟುಪುಸ್ತಕದ ಪ್ರತಿ, ಎರಡನ್ನೂ ಮೇಜಿನ ಮೇಲಿಟ್ಟಳು. "ತೀರ್ಮಾನ ಮರುಪರಿಶೀಲನೆಗೆ ಹೋಗಿದೆಯಮ್ಮ. ಅಲ್ಲಿಯವರೆಗೆ ಇವಳ ಕೈಲಾಗೋದಷ್ಟನ್ನೇ ಕೇಳು. ಕೇಳಿದ್ದನ್ನ ಬರವಣಿಗೇಲಿ ಕೊಡು." ಹುಡುಗಿ ನೋಟುಪುಸ್ತಕವನ್ನು ಪುಟ ಬಿಡದೆ ಓದಿದಳು. ಆಮೇಲೆ ಮೊದಲ ಬಾರಿಗೆ ಪರದೆಯನ್ನು ಪಕ್ಕಕ್ಕೆ ತಿರುಗಿಸಿದಳು. ಶೆಡ್ಡಿನ ಅರ್ಜಿಯನ್ನು ಪಟ್ಟಿಯಿಂದ ತೆಗೆದಳು. "ಬರಲಾಗದ ದಿನ ಮೊದಲೇ ಫೋನ್ ಮಾಡಿ. ಸುಮ್ನೆ ತಪ್ಪಿಸಿಕೊಂಡ್ರೆ ನನ್ನ ಕೈ ಕಟ್ಟಿಹೋಗುತ್ತೆ" ಎಂದಳು.

ಮರುಪರಿಶೀಲನೆಯ ಉತ್ತರ ಬಂತು: ತೀರ್ಮಾನದಲ್ಲಿ ಬದಲಾವಣೆ ಇಲ್ಲ. ಟೆರಿ ಕಾಗದ ಮಡಿಸಿದ. "ನಾನು ಹೇಳಲಿಲ್ವಾ?"

"ಇದು ಅರ್ಧ ದಾರಿ. ಬಹಳ ಜನ ಇಲ್ಲೇ ಕೂತುಬಿಡ್ತಾರೆ" ಎಂದಳು ಮಾರ್ಜರಿ. "ಮುಂದೆ ನ್ಯಾಯಮಂಡಳಿ ಇದೆ. ಅಲ್ಲಿ ಕೂರೋರು ಆ ಕಚೇರಿಯವರಲ್ಲ. ಅದಕ್ಕೂ ಒಂದೇ ತಿಂಗಳು. ಕೊನೇ ಪುಟ ತೆಗಿ."

ವಿಚಾರಣೆಯ ದಿನ ಗ್ಲೆಂಡಾ ಓಲೆ ಹಾಕಲಿಲ್ಲ. ತುಟಿಗೆ ಬಣ್ಣ ಬಳಿಯಲಿಲ್ಲ. ಟೆರಿ ತಪ್ಪು ಗುಂಡಿ ಹಾಕಿದ್ದ, ಹಾಗೇ ಬಿಟ್ಟಳು. ಮೇಜಿನ ಆಚೆ ಒಬ್ಬ ನ್ಯಾಯಾಧೀಶೆ, ಒಬ್ಬ ಡಾಕ್ಟರು. ಈಚೆ ಗ್ಲೆಂಡಾ, ಟೆರಿ, ಮಾರ್ಜರಿ. ಇನ್ನೊಂದು ಕುರ್ಚಿ ಖಾಲಿಯಿತ್ತು. ಆ ಕುರ್ಚಿಯ ಕಡೆಯಿಂದ ಒದ್ದೆ ಕಲ್ಲಿನ ವಾಸನೆ ಬರುತ್ತಿತ್ತು. ಗ್ಲೆಂಡಾ ಅತ್ತ ತಿರುಗಲಿಲ್ಲ.

"ಹೇಗಿದೀರಿ?" ಎಂದು ನ್ಯಾಯಾಧೀಶೆ ಕೇಳಿದರು.

ಪರವಾಗಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಪಕ್ಕದ ಖಾಲಿ ಕುರ್ಚಿಯಲ್ಲಿ ಯಾರೋ ಬಾಯಿ ತೆರೆಯಲು ಉಸಿರೆಳೆದುಕೊಂಡ ಸದ್ದು ಅವಳಿಗೆ ಕೇಳಿಸಿತು. ತನ್ನದೇ ಉಸಿರಿನ ಹಾಗಿತ್ತು. ಅದಕ್ಕಿಂತ ಮೊದಲು ತಾನು ಹೇಳಬೇಕಿತ್ತು.

"ನಾನು ಚೆನ್ನಾಗಿಲ್ಲ" ಎಂದಳು ಗ್ಲೆಂಡಾ.

ಐವತ್ತೆಂಟು ವರ್ಷದಲ್ಲಿ ಆ ಮಾತನ್ನು ಅವಳು ಪರರ ಮುಂದೆ ಆಡಿದ್ದು ಅದೇ ಮೊದಲು. ಆಮೇಲೆ ಎಲ್ಲವನ್ನೂ ಹೇಳಿದಳು. ಗುಂಡಿ, ನಲ್ಲಿ, ಕಕ್ಕಸು, ಕೂತು ಇಳಿಯುವ ಮೆಟ್ಟಿಲು. ಒಂದು ಒಳ್ಳೆಯ ದಿನಕ್ಕೆ ತೆರುವ ಮೂರು ಕೆಟ್ಟ ದಿನ. ಮೆಟ್ಟಿಲು ಉಜ್ಜಿದ ಸೋಮವಾರದ ಕಥೆಯನ್ನೂ ಹೇಳಿದಳು. ಡಾಕ್ಟರು ಅವಳ ಬೆರಳುಗಳನ್ನು ನೋಡಿ, ನೋಟುಪುಸ್ತಕ ತೆರೆದು, ತಾರೀಖುಗಳ ಮೇಲೆ ಬೆರಳಿಟ್ಟು ಓದಿದರು.

ಎದ್ದು ಹೊರಡುವಾಗ ಟೆರಿ ಆ ಖಾಲಿ ಕುರ್ಚಿಯನ್ನು ಮುಟ್ಟಿ ನೋಡಿದ. ಕೈ ಒರೆಸಿಕೊಂಡ.

ತೀರ್ಪು ಗ್ಲೆಂಡಾಳ ಕಡೆಗಾಯಿತು. ಭತ್ಯೆ ಉಳಿಯಿತು. ಕೆಲಸ ಹುಡುಕಬೇಕೆಂಬ ಕಟ್ಟುಪಾಡು ಹೋಯಿತು. ಬೆಳಗಿನ ಸದ್ದು ನಿಂತಿತು. ಮೆಟ್ಟಿಲ ಮೂಲೆಯಲ್ಲಿ ಮೊದಲು ಒಂದು ಹಸಿರು ಚುಕ್ಕೆ ಕಂಡಿತು, ಆಮೇಲೆ ಅಂಗೈಯಗಲ ಪಾಚಿ. ಪಾಲೀನ್ ಹಾದುಹೋಗುವಾಗ ಮೂಗು ಮುರಿದಳು. "ಏನೇ ಇದು, ನಿನ್ನಮ್ಮ ನೋಡಿದ್ರೆ ಎದ್ದು ಬರ್ತಿದ್ಲು."

"ಬಂದು ಹೋಗಲಿ ಬಿಡು. ನೋಡಿಕೊಂಡು ಕಾಲಿಡು, ಜಾರುತ್ತೆ" ಎಂದಳು ಗ್ಲೆಂಡಾ.

ಓದುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮೂರಿನ ಕಚೇರಿ ಬೇರೆ ಇರಬಹುದು, ನಿಮ್ಮ ಮನೆಯಲ್ಲಿ ಉಜ್ಜುವುದು ಹೊಸಲೋ ಅಂಗಳವೋ ಇರಬಹುದು. ಮೈ ಸರಿಯಿಲ್ಲದವರನ್ನು ಅಳೆಯಲು ಯಾರಾದರೂ ಬಂದಾಗ ನಿಮ್ಮ ಒಳ್ಳೆಯ ದಿನವನ್ನು ಮುಂದೆ ಕೂರಿಸಬೇಡಿ. ಕೆಟ್ಟ ದಿನ ಹೇಗಿರುತ್ತದೆ, ವಾರಕ್ಕೆ ಎಷ್ಟು ಬಾರಿ ಬರುತ್ತದೆ, ಒಂದು ಕೆಲಸ ಮಾಡಿದ ಮೇಲೆ ಎಷ್ಟು ಹೊತ್ತು ಮಲಗುತ್ತೀರಿ ಎಂದು ಹೇಳಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ. ತಾರೀಖು ಹಾಕಿ ಬರೆದಿಡಿ, ಬರೆಯಲಾಗದಿದ್ದರೆ ಮನೆಯವರಿಂದ ಬರೆಸಿ. ಒಬ್ಬರೇ ಹೋಗಬೇಡಿ. ಕೊಟ್ಟ ಪ್ರತಿ ಕಾಗದದ ನಕಲು ಇಟ್ಟುಕೊಳ್ಳಿ. ಇಲ್ಲ ಎಂಬ ಉತ್ತರ ಬಂದರೆ ಕೊನೆಯ ಪುಟ ತಿರುವಿ ನೋಡಿ, ಗಡುವಿನೊಳಗೆ ಮತ್ತೆ ಕೇಳಿ.

ನಿಮ್ಮ ಪಕ್ಕದ ಮನೆಯಲ್ಲಿ ಯಾರಾದರೂ "ಪರವಾಗಿಲ್ಲ" ಎಂದರೆ ಅಷ್ಟಕ್ಕೇ ಹೊರಟುಬಿಡಬೇಡಿ. ಇನ್ನೊಮ್ಮೆ ಕೇಳಿ. ಮೊದಲ ಸಲ ಉತ್ತರ ಕೊಟ್ಟವಳು ಅವಳಲ್ಲದಿರಬಹುದು.