ಕೊನೆಯ ಬ್ಲಾಕಿನ ಚಿತ್ರ

ಚುಕ್ಕಿ ಮೇಷ್ಟ್ರಿಗೆ ಬೆಳಗಿನಿಂದ ಮೈಯೆಲ್ಲ ಉರಿಯುತ್ತಿತ್ತು. ಕಂಪ್ಯೂಟರ್ ಪರದೆಯ ಮೇಲೆ ದೊಡ್ಡದಾಗಿ ಬರೆದಾಗ ಲೋಟದ ನೀರು ನೀರಿನಂತೆಯೇ ಇತ್ತು, ತಳದಲ್ಲಿ ಕೂತ ಕೆಸರೂ ಕೆಸರಿನಂತೆಯೇ ಇತ್ತು. ನಿಜವಾದ ಅಳತೆಗೆ, ಅಂದರೆ ಕಿರುಬೆರಳಿನ ಉಗುರಿನಷ್ಟಕ್ಕೆ ಇಳಿಸಿದೊಡನೆ ಎರಡೂ ಕಲಸಿಹೋಗಿ ಶಾಯಿ ಚೆಲ್ಲಿದ ಕಲೆಯಾಗುತ್ತಿತ್ತು. ಅಳಿಸಿದರು. ಹಾಳೆಯಲ್ಲಿ ಗೀಚಿ ನೋಡಿ ಮತ್ತೆ ಬರೆದರು. ಮತ್ತೆ ಕಲೆ.

“ದೇವರೇ, ಇಷ್ಟಗಲ ಜಾಗದಲ್ಲಿ ಒಂದು ಲೋಟ ನೀರು ಹಿಡಿಸೋಕೆ ನಿನ್ನ ಕೈಲೂ ಆಗಲ್ವಾ?” ಎಂದು ಗೊಣಗಿದರು. ಬೆಳಗಿನ ಪ್ರಾರ್ಥನೆಯಲ್ಲಿಯೂ ಇದನ್ನೇ ಕೇಳಿದ್ದರು. ಹೆಂಡತಿ ತೀರಿಕೊಂಡ ಮೇಲೆ ದೇವರ ಜೊತೆ ಅವರ ಮಾತೆಲ್ಲ ಜಗಳದ ಧಾಟಿಯಲ್ಲೇ ನಡೆಯುತ್ತಿತ್ತು. ಮಾತು ಬಿಟ್ಟಿರಲಿಲ್ಲ, ಅಷ್ಟೆ.

ಅದು ಮನೆಯವರೇ ಸೇರಿ ನಡೆಸುವ ಸಣ್ಣ ಕಚೇರಿ. ನೀರು ಶುದ್ಧ ಮಾಡುವ ಕೇಂದ್ರಗಳಿಗಾಗಿ ಅಲ್ಲಿ ಒಂದು ಸಾಫ್ಟ್‌ವೇರ್ ತಯಾರಾಗುತ್ತಿತ್ತು. ಅದನ್ನು ಬಳಸುವವರಿಗೆ ಸಾಲುಗಟ್ಟಲೆ ಪ್ರೋಗ್ರಾಮ್ ಬರೆಯುವ ತಾಪತ್ರಯವಿಲ್ಲ. ಪಂಪಿಗೊಂದು ಬ್ಲಾಕು, ವಾಲ್ವಿಗೊಂದು ಬ್ಲಾಕು, ತೊಟ್ಟಿಗೊಂದು ಬ್ಲಾಕು. ಬೇಕಾದುದನ್ನು ಪರದೆಯ ಮೇಲೆ ಎಳೆದು ತಂದು ನಡುವೆ ಗೆರೆ ಜೋಡಿಸಿದರೆ ಯಂತ್ರಗಳು ಅದರಂತೆ ಓಡುತ್ತವೆ. ಬ್ಲಾಕಿನ ಒಳಗಿನ ಬುದ್ಧಿಯೆಲ್ಲ ಹೆಂಡತಿಯದು. ಹೊರಗಿನ ಮುಖ, ಅಂದರೆ ಐಕಾನ್, ಹಿಂದೆ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಮೇಷ್ಟ್ರದು. ಒಂದೊಂದೇ ಚುಕ್ಕಿಗೆ ಬಣ್ಣ ತುಂಬುತ್ತ ಕೂರುತ್ತಿದ್ದುದರಿಂದ ಅವರಿಗೆ ಆ ಹೆಸರು ಅಂಟಿಕೊಂಡಿತ್ತು. ಗಿರಾಕಿಗಳ ಹಿಂದೆ ಓಡಾಡುವುದು ಹೆಂಡತಿಯ ತಮ್ಮನ ಪಾಲಿಗೆ ಬಂದಿತ್ತು.

ಅವಳು ಕೊನೆಗೆ ಮಾಡಿದ ಬ್ಲಾಕು ನೀರು ತಿಳಿಯಾಗುವುದನ್ನು ಕಾಯುತ್ತಿತ್ತು. ಗಡಿಯಾರ ನೋಡಿ ಕಾಯುವುದಲ್ಲ; ತೊಟ್ಟಿಯ ಕೆಸರು ತಳಕ್ಕಿಳಿದಿದೆಯೋ ಇಲ್ಲವೋ ಎಂದು ನೀರನ್ನೇ ಪರೀಕ್ಷಿಸಿ, ಆಮೇಲಷ್ಟೇ ವಾಲ್ವ್ ತೆರೆಯುವುದು. ಆಸ್ಪತ್ರೆ ಸೇರುವ ಮುಂಚೆ ಅದನ್ನು ಒಂದು ಕೇಂದ್ರಕ್ಕೆ ಪ್ರಯೋಗಕ್ಕೆಂದು ಕಳಿಸಿದ್ದಳು. ಐಕಾನ್ ಹಾಕಿರಲಿಲ್ಲ. “ಅದು ನಿಮ್ಮ ಪಾಲು. ನಿಧಾನಕ್ಕೆ ಬರೀರಿ” ಎಂದಿದ್ದಳು. ಐಕಾನ್ ಇಲ್ಲದ ಬ್ಲಾಕಿಗೆ ಸಾಫ್ಟ್‌ವೇರ್ ತಾನಾಗಿಯೇ ಒಂದು ಬೂದು ಚೌಕ ಮಾಡಿ, ಒಳಗೆ ಪ್ರಶ್ನಾರ್ಥಕ ಚಿಹ್ನೆ ಇಡುತ್ತದೆ. ಆ ಬೂದು ಚೌಕವನ್ನು ಕಂಡರೆ ಮೇಷ್ಟ್ರಿಗೆ ಆಗುತ್ತಿರಲಿಲ್ಲ. ಹೆಂಡತಿಯ ಕೊನೆಯ ಕೆಲಸ ಮುಖವಿಲ್ಲದೆ ನಿಂತಿದೆ ಅನಿಸುತ್ತಿತ್ತು.

“ಭಾವ, ಆಯ್ತಾ?” ಭಾವಮೈದ ಬಾಗಿಲಲ್ಲಿ ಕಾಣಿಸಿಕೊಂಡ.

“ಆಗಿದ್ರೆ ಹೀಗೆ ಮೂತಿ ಊದಿಸ್ಕೊಂಡು ಕೂತಿರ್ತಿದ್ನಾ?”

“ಸಂಜೆಗೆ ಎಲ್ಲ ತಪಾಸಣೆಗೆ ಕಳಿಸಬೇಕು. ಸಾಫ್ಟ್‌ವೇರ್ ಹಾಕೋ ಆ ಪ್ರಶ್ನೆ ಗುರುತು ಒಂದು ಕಡೆ ಉಳಿದಿದ್ರೂ ತಪಾಸಣೆಯೋರು ಅರೆಬರೆ ಕೆಲಸ ಅಂತ ವಾಪಸ್ ಎಸೀತಾರೆ. ನಿಮ್ಮ ಚಿತ್ರ ಆಗ್ಲಿಲ್ಲ ಅಂದ್ರೆ ಅಕ್ಕನ ಬ್ಲಾಕ್ ತೆಗೆದು ಟೈಮರ್ ಹಾಕ್ಬೇಕಾಗುತ್ತೆ.”

“ನಿನ್ನ ಟೈಮರ್‌ಗೆ ಕಣ್ಣಿದೆಯೇನೋ? ಕೆಸರಿದ್ರೂ ಹೊತ್ತಾಯ್ತು ಅಂತ ನೀರು ಬಿಟ್ಬಿಡುತ್ತೆ.”

“ನಂಗೊತ್ತಿಲ್ವಾ ಭಾವ? ನನಗೇನು ಖುಷಿನಾ? ಅವಳು ನನಗೂ ಅಕ್ಕನೇ.”

ಮೇಷ್ಟ್ರು ಲ್ಯಾಪ್‌ಟಾಪ್ ಎತ್ತಿಕೊಂಡರು. ಬರೆದಿದ್ದ ಮೂರು ಚಿತ್ರಗಳನ್ನು ತೋರಿಸಲೆಂದು ಆಚೆ ಕೋಣೆಗೆ ಎದ್ದುಹೋದರು.

ಐಕಾನ್ ಒಪ್ಪುವುದಕ್ಕೆ ಹೆಂಡತಿಯೇ ಮಾಡಿಟ್ಟ ಕಟ್ಟುಪಾಡೊಂದಿತ್ತು. ನೀರಿನ ಕೇಂದ್ರದಲ್ಲಿ ದುಡಿಯುವವರೊಬ್ಬರನ್ನು ಕರೆಸಿ, ಬ್ಲಾಕಿನ ಹೆಸರು ಮುಚ್ಚಿ, ಚಿತ್ರವನ್ನಷ್ಟೇ ತೋರಿಸಬೇಕು. ಯಾವುದರ ಚಿತ್ರವೆಂದು ಕಚೇರಿಯವರು ತುಟಿ ಬಿಚ್ಚಬಾರದು. ನೋಡಿದವರು ತಾವಾಗಿ ಗುರುತಿಸಿದರೆ ಪಾಸು. ಆ ದಿನ ಬಂದಿದ್ದ ಆಪರೇಟರ್ ಹೆಂಗಸು ಪ್ರಯೋಗ ನಡೆದ ಕೇಂದ್ರದವಳೇ. ಪಾಳಿ ಮುಗಿಸಿ ನೇರವಾಗಿ ಬಂದಿದ್ದಳು. ಊಟದ ಚೀಲವನ್ನು ಮಡಿಲಿನಿಂದ ಕೆಳಗಿಟ್ಟಿರಲಿಲ್ಲ.

ಮೊದಲು ಮರಳು ಗಡಿಯಾರ ತೋರಿಸಿದರು. ಆಕೆ ಕೈಕಟ್ಟಿ ಕುಳಿತಳು. ಕುಳಿತೇ ಇದ್ದಳು.

“ಏನಮ್ಮ, ಹೇಳಿ.”

“ಕಂಪ್ಯೂಟರ್ ಇನ್ನೂ ಯೋಚನೆ ಮಾಡ್ತಿದೆಯಲ್ಲ ಮೇಷ್ಟ್ರೇ. ಮುಗೀಲಿ ಅಂತ ಕಾಯ್ತಿದೀನಿ.”

ಭಾವಮೈದ ಕೆಮ್ಮಿನ ನೆಪದಲ್ಲಿ ನಗು ನುಂಗಿದ.

ಎರಡನೆಯದು ಮುಂದಕ್ಕೆ ಚಾಚಿದ ಅಂಗೈ. “ಇದು ತುರ್ತಿಗೆ ಎಲ್ಲ ಬಂದ್ ಮಾಡೋದು,” ಎಂದಳು ಆಕೆ, ಅನುಮಾನವೇ ಇಲ್ಲದೆ. ಮೇಷ್ಟ್ರು ಹಲ್ಲು ಕಚ್ಚಿ, ಬೆಳಗಿನಿಂದ ಸತಾಯಿಸಿದ್ದ ನೀರಿನ ಲೋಟವನ್ನು ತೋರಿಸಿದರು. ಆಕೆಯ ಮುಖ ಅರಳಿತು.

“ಕಾಫಿ! ಇದೊಂದು ಒಳ್ಳೇದು. ಯಾವಾಗ ಕೊಡ್ತೀರಿ?”

“ಕಾಫಿಯಲ್ಲ!” ಮೇಷ್ಟ್ರು ಮೌಸನ್ನು ಕುಕ್ಕಿದರು. “ಇಷ್ಟು ದಿನದಿಂದ ಕಣ್ಣು ಕಿತ್ಕೊಂಡು ಬರೆದದ್ದು ಕಾಫಿನಾ?”

“ಅಲ್ಲ, ನನ್ನ ಮೇಲೆ ಯಾಕೆ ರೇಗ್ತೀರಿ? ನಿದ್ದೆ ಬಿಟ್ಟು ಬಂದಿದೀನಿ. ಪರದೆ ಮೇಲಿನ ಯಾವ ಪೆಟ್ಟಿಗೆಗೆ ಈ ಒದ್ದಾಟ ಅಂತನಾದ್ರೂ ಹೇಳಬಾರದಾ?”

“ಹೇಳೋ ಹಾಗಿಲ್ಲ.”

“ಯಾರಂದ್ರು?”

“ನನ್ನ ಹೆಂಡತಿ.”

ಆಕೆ ಮಡಿಲಿನ ಚೀಲ ನೋಡಿದಳು. ಸಾವಿನ ಸುದ್ದಿ ಅವರ ಕೇಂದ್ರಕ್ಕೂ ಮುಟ್ಟಿತ್ತು. ಭಾವಮೈದ ಕಿಟಕಿಯ ಕಡೆ ತಿರುಗಿ, “ಹೇಳ್ಬಿಡಿ ಭಾವ. ಅಕ್ಕ ಇದ್ದಿದ್ರೆ ಅವಳೇ ಹೇಳ್ತಿದ್ಲು” ಎಂದ.

“ನಿಮ್ಮಕ್ಕಾನಾ? ತಲೆ ಹೋದ್ರೂ ಹೇಳ್ತಿರಲಿಲ್ಲ,” ಎಂದು ಮೇಷ್ಟ್ರು ಗದರಿದರು. ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. ಕಟ್ಟುಪಾಡನ್ನು ಹಿಡಿದರೆ ಬ್ಲಾಕು ಹೋಗುತ್ತದೆ. ಬ್ಲಾಕು ಉಳಿಯಬೇಕೆಂದರೆ ಅವಳ ಮಾತು ಮೀರಬೇಕು. “ಕೆಸರು ಕೂರೋವರೆಗೂ ನೀರು ತಡೆಯುತ್ತಲ್ಲ, ಅದಕ್ಕೆ ಕಣಮ್ಮ,” ಎಂದುಬಿಟ್ಟರು.

“ಅಯ್ಯೋ, ಅದಾ! ಅದಕ್ಕಾಗಲೇ ಚಿತ್ರ ಇದೆಯಲ್ಲ! ಬೂದು ಚೌಕದೊಳಗೆ ನಲ್ಲಿ. ಬಾಗಿದ ನಲ್ಲಿ, ಕೆಳಗೊಂದು ಹನಿ. ನಮ್ಮ ಪಾಳಿಯೋರೆಲ್ಲ ಅದಕ್ಕೆ ನಲ್ಲಿ ಪೆಟ್ಟಿಗೆ ಅಂತಲೇ ಅನ್ನೋದು.”

“ಅದು ಚಿತ್ರವೇ ಅಲ್ಲಮ್ಮ! ಚಿತ್ರ ಇನ್ನೂ ಬರೆದಿಲ್ಲ ಅನ್ನೋದಕ್ಕೆ ಇಟ್ಟ ಗುರುತು!”

“ನಿಮಗಿರಬಹುದು. ನಮಗೆ ನಲ್ಲಿ. ಈಗ ಬದಲಾಯಿಸಿದ್ರೆ, ಮಳೆ ಬಂದು ಕೆಸರು ನುಗ್ಗಿದ ಹೊತ್ತಲ್ಲಿ ನಾವು ಎಲ್ಲೀಂತ ತಡಕಾಡೋದು?”

ಮೇಷ್ಟ್ರು ಬೂದು ಚೌಕವನ್ನು ತೆರೆದು ನೋಡಿದರು. ಹಾಳಾದ್ದು, ಪ್ರಶ್ನೆಯ ಕೊಕ್ಕೆ ನಲ್ಲಿಯೇ ಆಗಿತ್ತು, ಕೆಳಗಿನ ಚುಕ್ಕಿ ಹನಿಯೇ ಆಗಿತ್ತು. ಒಮ್ಮೆ ಹಾಗೆ ಕಂಡ ಮೇಲೆ ಎಷ್ಟು ಕಣ್ಣು ಅಗಲಿಸಿದರೂ ಪ್ರಶ್ನೆಯ ಗುರುತಾಗಿ ಕಾಣಲೊಲ್ಲದು.

ಅದನ್ನೇ ಎದುರಿಗಿಟ್ಟುಕೊಂಡು ಚುಕ್ಕಿ ಚುಕ್ಕಿಯಾಗಿ ಬೇರೆ ಚೌಕಕ್ಕೆ ಇಳಿಸಿದರು. ಸುಮ್ಮನೆ ನಕಲು ಮಾಡಲು ಮನಸ್ಸೊಪ್ಪದೆ ನಲ್ಲಿಯ ಮೇಲೊಂದು ತಿರುಪು ಕೂರಿಸಿದರು. “ಅದೇನು, ನಲ್ಲಿಗೆ ಟೋಪಿ?” ಎಂದಳು ಆಕೆ. ತೆಗೆದರು. ನಲ್ಲಿಯ ಬಾಗಿದ ಭಾಗಕ್ಕೆ ನೆರಳು ಕೊಟ್ಟರು. “ಪಾಚಿ ಕಟ್ಟಿದ ಹಾಗಿದೆ.” ಅದನ್ನೂ ತೆಗೆದರು. ಕೊನೆಗೆ ಸಿಟ್ಟಿನಿಂದ ಕೆಳಗಿನ ಹನಿಗೆ ಮಾತ್ರ ನೀಲಿ ತುಂಬಿ, ಹೆಸರು ಮುಚ್ಚಿ, ಪರದೆಯನ್ನು ಆಕೆಯ ಕಡೆ ತಿರುಗಿಸಿದರು.

“ಹಾಂ, ನಮ್ಮ ನಲ್ಲಿ ಪೆಟ್ಟಿಗೆ. ಹನಿ ತಿಳಿಯಾಗಿದೆ. ಇನ್ನು ಮುಟ್ಟಬೇಡಿ ಮೇಷ್ಟ್ರೇ,” ಎಂದು ಚೀಲ ಎತ್ತಿಕೊಂಡು ಹೊರಟಳು.

“ಸಾಕು ಭಾವ. ಬಣ್ಣ ಬಿತ್ತಲ್ಲ, ಇನ್ನು ಇದು ನಮ್ಮದೇ ಐಕಾನ್. ತಪಾಸಣೆಯೋರು ತುಟಿ ಪಿಟಕ್ ಅನ್ನೋ ಹಾಗಿಲ್ಲ.” ಭಾವಮೈದ ಅಲ್ಲೇ ನಿಂತು ಅಕ್ಕನ ಬ್ಲಾಕನ್ನು ಉಳಿದವುಗಳ ಜೊತೆ ಸೇರಿಸಿ ಕಳಿಸಿದ. ಟೈಮರ್ ಹೊರಗೇ ಉಳಿಯಿತು.

ಮೇಷ್ಟ್ರು ತಮ್ಮ ಕೋಣೆಗೆ ಮರಳಿದರು. ಅಷ್ಟೆಲ್ಲ ಹಾಳೆ, ಅಷ್ಟೆಲ್ಲ ಲೋಟ, ಗಡಿಯಾರ, ಅಂಗೈ. ಅವುಗಳಲ್ಲಿ ಒಂದು ಗೆರೆಯೂ ಬೇಕಾಗಲಿಲ್ಲ. “ನೋಡಿದ್ಯೇನೇ, ಇಷ್ಟಕ್ಕೆ...” ಎಂದು ಅಭ್ಯಾಸಬಲದಿಂದ ಪಕ್ಕದಲ್ಲಿದ್ದ ಹೆಂಡತಿಯ ಮೇಜಿನತ್ತ ತಿರುಗಿದರು. ಕುರ್ಚಿ ಮೇಜಿನಡಿಗೆ ಸರಿಸಿದ್ದು ಸರಿಸಿದಂತೆಯೇ ಇತ್ತು.

ಅವರು ಹಾಳೆಗಳನ್ನು ಒಂದೊಂದಾಗಿ ಹರಿದು ಬುಟ್ಟಿಗೆ ಹಾಕತೊಡಗಿದರು.

“ದೇವರೇ,” ಎಂದರು, ದನಿಯ ಬಿಸಿ ಇನ್ನೂ ಆರಿರಲಿಲ್ಲ, “ಅವಳಿಗೆ ನೀನೇ ಹೇಳ್ಬಿಡು. ಹನಿ ಒಂದು ಮಾತ್ರ ನನ್ನದು. ನಗಬೇಡ ಅಂತಾನೂ ಹೇಳು.”