ಬಶಿಯೊಳಗಿನ ಚಹಾ

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಗಿರಿಮಲ್ಲಪ್ಪನ ಶವವನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸುತ್ತಿದ್ದರು. ಬನಹಟ್ಟಿಯಲ್ಲಿ ಇಪ್ಪತ್ತೆರಡು ವರ್ಷ ಕಾರು ರಿಪೇರಿ ಮಾಡಿದ ಆತ ನಸುಕಿನಲ್ಲಿ ನಿದ್ದೆಯಲ್ಲೇ ತೀರಿಕೊಂಡಿದ್ದ. ವಯಸ್ಸು ಐವತ್ತೊಂದು.

“ಎಡಕ್ಕ ವಾಲ್ಯಾರ,” ಎಂದಳು ಹೆಂಡತಿ ಕಸ್ತೂರೆವ್ವ.

“ಅಣ್ಣ ನೆಟ್ಟಗ ಅದಾನ ವೈನಿ,” ಎಂದ ಮೈದುನ ಭೀಮಪ್ಪ.

“ಎರಡು ಬೆರಳು.”

ಪಕ್ಕದ ಮನೆಯ ಮುದುಕ ಜಕ್ಕಪ್ಪ ಹೆಣವನ್ನು ಬಲಕ್ಕೆ ತುಸು ಸರಿಸಿದ.

ಓಣಿಯವರು ಮಗ್ಗ ನಿಲ್ಲಿಸಿದ್ದರು. ಆ ಸದ್ದಿಲ್ಲದೆ ಮನೆಯೇ ಹೊಳೆಯ ಮೇಲೆ ತೇಲುತ್ತಿದೆ ಅನ್ನಿಸಿತು ಕಸ್ತೂರೆವ್ವನಿಗೆ. ಭಜನೆಯ ತಾಳ ಆಚೆ ದಂಡೆಯಿಂದ ಬಂದಂತೆ ಕೇಳುತ್ತಿತ್ತು. ಕೊಡದ ನೀರು, ದೀಪದ ಎಣ್ಣೆ, ಹೊಸ್ತಿಲು, ಎಲ್ಲವೂ ಸ್ವಲ್ಪ ಸ್ವಲ್ಪ ಓರೆಯಾಗಿ ಕಾಣುತ್ತಿದ್ದವು.

ಕಟ್ಟೆಯ ಮೇಲೆ ಜಕ್ಕಪ್ಪ ಹೇಳುತ್ತಿದ್ದ: “ಗಿರಿಮಲ್ಲಪ್ಪನ ಕಣ್ಣಂದ್ರ ಕಣ್ಣು. ಪಂಗತಿಯಾಗ ಕುಂತ್ರೂ ಎಲಿ ವಾರಿ ಆಗೇತಿ, ನೆಟ್ಟಗ ಹಾಕ್ರಿ ಅಂತಿದ್ದ.”

“ಎಲಿ ಅಲ್ಲೋ ಕಾಕಾ, ಹೋಳಿಗಿ ತನ್ನ ಕಡೆ ಸರೀಲಿ ಅಂತ,” ಎಂದ ಕೂತವರಲ್ಲೊಬ್ಬ.

ಉಳಿದವರು ನಕ್ಕರು.

“ಗ್ಯಾರೇಜಿಗೆ ಕೀಲಿ ಹಾಕೂದ,” ಎಂದ ಭೀಮಪ್ಪ. “ನನಗ ಪಾನಾ ತಿರುವೂದ ಗೊತ್ತು, ಆ ಕಣ್ಣಿಲ್ಲ. ಮಗ್ಗ ಹಾಕಾಕ ಜಾಗಾ ಕೇಳಾಕತ್ತಾರ, ಕೊಟ್ಟಬಿಡೂದು. ಅಪ್ಪಾಸಾಬರ ಗಾಡಿ ರಿಪೇರಿ ಅರ್ಧಕ್ಕ ನಿಂತೈತಿ. ನಾಳಿ ಜಮಖಂಡಿಗೆ ಎಳಕೊಂಡು ಹೋಗ್ಲಿ.”

ಕಸ್ತೂರೆವ್ವ ಒಳಬಾಗಿಲಲ್ಲಿ ನಿಂತು ಕೇಳಿದಳು. ಹಾಗಾದರೆ ನಾಳೆಯಿಂದ ಅವಳಿಗೆ ಉಳಿಯುವುದು ಅಡುಗೆಮನೆ.

*

ಹನ್ನೊಂದು ವರ್ಷದ ಹಿಂದೆ, ಅರವತ್ತೇಳನೆಯ ಇಸವಿಯಲ್ಲಿ, ಬ್ಯಾಟರಿಯ ಆಸಿಡ್ ಸಿಡಿದಿತ್ತು. ಗಿರಿಮಲ್ಲಪ್ಪನ ಕಣ್ಣುಗಳು ಮೇಲ್ನೋಟಕ್ಕೆ ಸರಿಯಾದವು. ಹತ್ತಿರದ ಅಂಚುಗಳು ಮಾತ್ರ ಮಸುಕಾಗೇ ಉಳಿದವು. ಚಾಳೀಸಿನ ಕನ್ನಡಕದಿಂದಲೂ ಉಪಯೋಗವಿಲ್ಲವೆಂದು ಮೀರಜಿನ ಡಾಕ್ಟರರು ಹೇಳಿದ್ದು ಗಂಡ ಹೆಂಡಿರಿಗೆ ಮಾತ್ರ ಗೊತ್ತು.

ಎಂಜಿನ್ನಿಗೆ ಪೆಟ್ರೋಲು ಉಣಿಸುವ ಕಾರ್ಬುರೇಟರ್ ಹಳೆಯ ಕಾರುಗಳಿಗೆ ಅವುಗಳದೇ ಸಿಗುತ್ತಿರಲಿಲ್ಲ, ಬೇರೆ ಗಾಡಿಯದನ್ನು ಕೂರಿಸಬೇಕಿತ್ತು. ಎಂಜಿನ್ ಬಾನೆಟ್ಟಿನೊಳಗೆ ತುಸು ಹಿಂದಕ್ಕೆ ವಾಲಿರುತ್ತದೆ. ಕಾರ್ಬುರೇಟರ್ ಮಾತ್ರ ನೆಲಕ್ಕೆ ಸಮನಾಗಿ ನಿಲ್ಲಬೇಕು. ಇಲ್ಲದಿದ್ದರೆ ಅದರ ಬಟ್ಟಲಿನ ಪೆಟ್ರೋಲು ಒಂದೇ ಬದಿಗೆ ಸರಿದು ಎಂಜಿನ್ ಅತಿಯಾಗಿ ಕುಡಿದು ಉಸಿರುಗಟ್ಟುತ್ತದೆ, ಇಲ್ಲವೇ ಒಣಗಿ ನಿಲ್ಲುತ್ತದೆ. ಗಿರಿಮಲ್ಲಪ್ಪ ಅದರ ಅಡಿಗೆ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾದ ಪಟ್ಟಿ ಇಟ್ಟು, ಮೇಲೆ ಕಸ್ತೂರೆವ್ವನ ಕೈಯಿಂದ ಕಪ್ಪಿನಡಿಯ ಬಶಿಯಲ್ಲಿ ಚಹಾ ತುಂಬಿ ಇಡಿಸುತ್ತಿದ್ದ.

“ಯಾ ಕಡೆ?” ಎಂದು ಮೆಲ್ಲಗೆ ಕೇಳುತ್ತಿದ್ದ.

“ಮುಂದ ಸರದೈತಿ.”

“ಎಷ್ಟು?”

“ಒಂದು ಜ್ವಾಳದ ಕಾಳು.”

ಆತ ಪಟ್ಟಿಯನ್ನು ಅರದಿಂದ ಉಜ್ಜುತ್ತಿದ್ದ. ಚಹಾ ಸುತ್ತಲೂ ಅಂಚಿಗೆ ಸಮನಾದ ಮೇಲೆ “ಈಗ ಕುಡಿ” ಎನ್ನುತ್ತಿದ್ದ. ಅವಳು ಚಹಾ ಕೊಡಲು ಬರುತ್ತಾಳೆಂದೇ ಗಿರಾಕಿಗಳೂ ಭೀಮಪ್ಪನೂ ತಿಳಿದಿದ್ದರು. ಪೆಟ್ರೋಲು ನಾರುವ ಆರಿದ ಚಹಾವನ್ನು ಹನ್ನೊಂದು ವರ್ಷ ಅವಳೇ ಕುಡಿದಳು. ನಿದ್ದೆಯಲ್ಲೂ ಆ ಕಂದು ದುಂಡು ಕಣ್ಣೆದುರು ತೇಲಿ, ಎತ್ತಲೋ ವಾಲಿ, ಮೆಲ್ಲಗೆ ನೆಲೆಗೆ ನಿಲ್ಲುತ್ತಿತ್ತು.

*

ಸಂಜೆ ಐದಕ್ಕೆ, ಮಣ್ಣು ಕೊಟ್ಟು ಬಂದವರು ಕೈಕಾಲು ತೊಳೆದು ಪಡಸಾಲೆಯಲ್ಲಿ ಕೂತಿದ್ದರು. ಭೀಮಪ್ಪ ಕೀಲಿ ಹಿಡಿದು ಎದ್ದ.

“ಕೀಲಿ ಇಲ್ಲಿ ಕೊಡು,” ಎಂದಳು ಕಸ್ತೂರೆವ್ವ. “ಅಪ್ಪಾಸಾಬರ ಗಾಡಿ ನಾವ ಮುಗಸೂಣು.”

“ಮಟ್ಟ ಯಾರ ನೋಡಾವ್ರು ವೈನಿ?”

“ನಾ ನೋಡ್ತೀನಿ.”

ಜಕ್ಕಪ್ಪ ತಲೆ ಎತ್ತಿದ. “ಚಹಾ ಕೊಡಾಕ ಹೋಗಿ ಕಲ್ತಿ ಏನ ತಂಗಿ?”

ಎಲ್ಲರೂ ಅವಳತ್ತ ನೋಡಿದರು. ಖರೆ ಮಾತು ನಾಲಗೆಯ ತುದಿಗೆ ಬಂದಿತ್ತು. ಅವಳು ಗೋಡೆಯತ್ತ ನೋಡಿದಳು. ಗಂಡನ ತಲೆ ತಾಗಿದ ಕಡೆ ವಿಭೂತಿ ಬೆಳ್ಳಗೆ ಅಂಟಿತ್ತು.

“ಅವರ ಕಲಿಸ್ಯಾರ್ರೀ,” ಎಂದಳು. “ಹನ್ನೊಂದು ವರ್ಷ ಹಿಡೀತು. ನಾ ದಡ್ಡಿ.”

“ಹೌದ ಮತ್ತ,” ಎಂದ ಜಕ್ಕಪ್ಪ. “ಕಲಿಸಾಂವ ಅಂದ್ರ ಅಂವಾ.”

ಭೀಮಪ್ಪ ಕೀಲಿ ಕೊಟ್ಟ.

ಮೂರನೆಯ ದಿನ ಅವನು ಬೋಲ್ಟು ಬಿಗಿದ, ಅವಳು ಬಶಿಯ ಮಟ್ಟ ನೋಡಿದಳು. ಅಪ್ಪಾಸಾಬರ ಕಾರು ಮುಧೋಳಕ್ಕೆ ಹೋಗಿ ಸಂಜೆ ನಾಲ್ಕಕ್ಕೆ ಮರಳಿತು. ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ.