ಒಂಬತ್ತನೆಯ ದಿನದ ಶ್ಯಾವಿಗೆ

ಹಬೆಯಲ್ಲಿ ಬೆಂದ ಅಕ್ಕಿ ಉಂಡೆಯನ್ನು ಬಿಸಿಬಿಸಿಯಾಗಿ ಶ್ಯಾವಿಗೆ ಒರಳಿಗೆ ತುಂಬಿ, ಜಯಲತಾ ಅದರ ಹಿಡಿಯನ್ನು ಮಗಳ ಕೈಗೆ ಕೊಟ್ಟಳು. "ನಿಧಾನ ತಿರುಗಿಸು ಮಗಾ. ನೋವಾದರೆ ನಿಲ್ಲಿಸು. ನೋವಾಗದಿದ್ದರೂ ಸ್ವಲ್ಪ ನಿಲ್ಲಿಸು."

ಹನ್ನೊಂದು ವರ್ಷದ ಅನುಷ್ಕಾ ಎರಡು ಸುತ್ತು ತಿರುಗಿಸಿದಳು. ತಟ್ಟೆಗೆ ಶ್ಯಾವಿಗೆ ಎಳೆ ಎಳೆಯಾಗಿ ಇಳಿಯಿತು. ಮೂರನೆಯ ಸುತ್ತಿಗೆ ಕೈ ತಡೆದು, "ಅಮ್ಮಾ, ಏಕ್ ಬಾತ್ ಪೂಛೂಂ?" ಎಂದು ಹಿಂದಿಯಲ್ಲಿ ಏನೋ ಕೇಳಹೊರಡುವಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. ಹೊಡೆದವರು ಯಾರೇ ಇರಲಿ, ಅವರ ಮೇಲೆ ಜಯಲತಾಳಿಗೆ ಪ್ರೀತಿ ಉಕ್ಕಿತು.

ಮಗಳು ಕೇಳಲಿದ್ದುದು ಏನೆಂದು ಅವಳಿಗೆ ಗೊತ್ತಿತ್ತು. ಮಲ್ಲಖಾಂಬದ ಕಸರತ್ತಿನಲ್ಲಿ ಹಗ್ಗದಿಂದ ಬಿದ್ದು ಅನುಷ್ಕಾಳ ಬಲ ಮಣಿಕಟ್ಟು ಮುರಿದು ಮೂರು ತಿಂಗಳಾಗಿತ್ತು. ಪ್ಲಾಸ್ಟರ್ ಬಿಚ್ಚಿದಾಗ ಕೈ ಬಾಡಿದ ನುಗ್ಗೆಕಾಯಿಯ ಹಾಗಿತ್ತು. ಕೈಗೆ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದರು. ಮೊನ್ನೆ ಎಕ್ಸ್‌ರೇ ನೋಡಿ, ಮೂಳೆ ಚೆನ್ನಾಗಿ ಕೂಡಿದೆ, ಇನ್ನು ಹಗ್ಗ ಹಿಡಿಯಬಹುದು ಎಂದೂ ಹೇಳಿದ್ದರು. ಆಗ ಮಗಳು ಹೊರಗೆ ಬೆಂಚಿನ ಮೇಲಿದ್ದಳು. ಆ ಎರಡನೆಯ ಮಾತನ್ನು ಜಯಲತಾ ಆಸ್ಪತ್ರೆಯಲ್ಲೇ ಬಿಟ್ಟು ಬಂದಿದ್ದಳು. ಮಲ್ಲಖಾಂಬದ ತಂಡಕ್ಕೆ ಹೆಸರು ಕೊಡಲು ಇವತ್ತು ಸಂಜೆಯೇ ಕೊನೆ. ಸಂಜೆಯೊಂದು ದಾಟಿದರೆ ಸಾಕು ಎಂದು ಅವಳು ಬೆಳಿಗ್ಗೆ ದೇವರಿಗೆ ಎರಡು ಹೂ ಹೆಚ್ಚಿಗೆ ಇಟ್ಟಿದ್ದಳು.

ಡಾಕ್ಟರು ಕೊಟ್ಟ ರಬ್ಬರ್ ಚೆಂಡಿಗಿಂತ ತವರಿನ ಶ್ಯಾವಿಗೆ ಒರಳೇ ಮೇಲೆಂದು ತೀರ್ಮಾನಿಸಿದವಳೂ ಅವಳೇ. ಚೆಂಡು ಹಿಂಡಿದರೆ ಏನು ಸಿಗುತ್ತದೆ? ಒರಳು ತಿರುಗಿಸಿದರೆ ತಿಂಡಿಯಾದರೂ ಆಗುತ್ತದೆ. ಹಾಗೆ ಮುಂಬಯಿ ಹೊರವಲಯದ ಠಾಕುರ್ಲಿಯ ಆ ಕಟ್ಟಡದ ನಾಲ್ಕು ಮನೆಗಳು ಎಂಟು ದಿನದಿಂದ ಶ್ಯಾವಿಗೆ ತಿನ್ನುತ್ತಿದ್ದವು. ಕಲ್ಯಾಣದಲ್ಲಿ ಹೋಟೆಲ್ ನಡೆಸುವ ಗಂಡ ಲತೀಶ್, ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ತನ್ನ ಹೋಟೆಲಿನ ಇಡ್ಲಿಯನ್ನು ತಾನೇ ತಿಂದಿದ್ದ.

ಬಾಗಿಲಲ್ಲಿ ನಿಂತಿದ್ದವಳು ಮೂರನೆಯ ಮಹಡಿಯ ಗಗನಾ. ಮೈಸೂರಿನ ಹುಡುಗಿ, ನವಿ ಮುಂಬಯಿಯ ಒಂದು ಲ್ಯಾಬಿನಲ್ಲಿ ಜೀವಕೋಶಗಳನ್ನು ಸಾಕುವ ಕೆಲಸ. ಕೈಯಲ್ಲಿ ಮೂರು ಖಾಲಿ ಡಬ್ಬ.

"ಜಯಕ್ಕಾ, ಡಬ್ಬ ವಾಪಸ್ ಕೊಡೋಕೆ ಬಂದೆ. ದಯವಿಟ್ಟು ತುಂಬಿಸ್ಬೇಡಿ."

"ಬನ್ನಿ ಬನ್ನಿ, ಬಿಸಿ ಉಂಟು."

"ಅದೇ ಭಯ."

"ನೀವಾದರೂ ಹೇಳಿ ಮಾರಾಯ್ರೆ," ಎಂದ ಲತೀಶ್, ಶರ್ಟಿನ ಗುಂಡಿ ಹಾಕುತ್ತ. "ಈ ಮನೆಯಲ್ಲಿ ನನ್ನ ಮಾತು ಸ್ಟೇಷನ್ನಿನ ಅನೌನ್ಸ್‌ಮೆಂಟ್ ಹಾಗೆ. ಎಲ್ಲರಿಗೂ ಕೇಳ್ತದೆ, ಯಾರೂ ನಂಬುದಿಲ್ಲ."

ಗಗನಾ ಅನುಷ್ಕಾಳ ಮುಂಗೈ ಒತ್ತಿ ನೋಡಿದಳು. "ಪರವಾಗಿಲ್ವೇ, ಗಟ್ಟಿಯಾಗಿದೆ!"

ಮಗಳು ಮತ್ತೆ ಬಾಯಿ ತೆರೆಯುವ ಮೊದಲು ಜಯಲತಾ ತಾನೇ ಪ್ರಶ್ನೆಯೊಂದನ್ನು ಎಳೆದು ತಂದಳು. "ಅಲ್ಲ, ಕೆಲಸ ಉಂಟೋ ಇಲ್ವೋ ಅಂತ ಕೈಗೆ ಹೇಗೆ ಗೊತ್ತಾಗುದು?"

ಗಗನಾಳ ಮುಖ ಅರಳಿತು. ಮನೆಗೆಲಸದ ನಡುವೆ ಯಾರೂ ಅವಳನ್ನು ಇಂಥದ್ದು ಕೇಳಿರಲಿಲ್ಲ. "ನಮ್ಮ ಒಂದೊಂದು ಜೀವಕೋಶದ ಒಳಗೂ ಈ ತಟ್ಟೇಲಿರೋ ಥರಾನೇ ಎಳೆಗಳ ಹಂದರ ಇರುತ್ತೆ."

"ಅಲ್ಲಿಯೂ ಸೇಮಿಗೆಯಾ?" ಲತೀಶ್ ಕುರ್ಚಿಯಲ್ಲಿ ಕುಸಿದ.

"ಎಳೆಗಳ ತುದಿ ಕೆಳಗಿನ ನೆಲಕ್ಕೆ ಅಂಟಿರುತ್ತೆ. ಕೋಶ ಎಳೆದು ಎಳೆದು ನೋಡ್ತಾ ಇರುತ್ತೆ. ನೆಲ ಜಗ್ಗದೆ ನಿಂತ್ರೆ ಎಳೆಗಳು ದಪ್ಪ ಆಗ್ತವೆ, ಕೋಶ ಕೈಕಾಲು ಚಾಚ್ಕೊಳ್ಳುತ್ತೆ. ಕೆಲವನ್ನ ನಾನು ಮೆತ್ತಗಿರೋ ಜೆಲ್ಲಿ ಮೇಲೆ ಬಿಡ್ತೀನಿ."

"ಅವಕ್ಕೆ ಸುಖ," ಎಂದಳು ಜಯಲತಾ, ಸಮಾಧಾನದಿಂದ.

"ಸುಖ ಎಲ್ಲಿ? ಎಳೆದ್ರೆ ಜೆಲ್ಲಿನೇ ಜೊತೇಲಿ ಬಂದ್ಬಿಡುತ್ತೆ. ಹಿಡಿತ ಸಿಗದೆ ಮುದುರಿ ಉಂಡೆ ಥರ ಕೂತಿರ್ತವೆ."

ಅನುಷ್ಕಾ ತನ್ನ ಅಂಗೈಯನ್ನೇ ನೋಡುತ್ತಿದ್ದಳು.

"ಗಟ್ಟಿ ನೆಲದ ಮೇಲೆ ಎಳೆದು ಎಳೆದು, ಎಳೆ ತುಂಡಾದರೆ?" ಜಯಲತಾಳ ದನಿ ಸಣ್ಣದಾಯಿತು.

"ಆಗುತ್ತೆ ಒಮ್ಮೊಮ್ಮೆ. ರಿಪೇರಿ ಮಾಡ್ಕೊಳ್ಳುತ್ತೆ."

"ಯಾವಾಗಲೂ?"

"ಯಾವಾಗಲೂ ಅಂತ ಹೇಳೋಕಾಗಲ್ಲ, ಜಯಕ್ಕ."

ಸುಳ್ಳು ಹೇಳಿದ್ದರೆ ಇವಳ ಗಂಟೇನು ಹೋಗುತ್ತಿತ್ತು ಎಂದುಕೊಂಡರೂ ಜಯಲತಾ ಒಂದು ಡಬ್ಬ ತುಂಬಿಸಿಯೇ ಕಳಿಸಿದಳು. ಗಗನಾಳ ಹಿಂದೆಯೇ ಲತೀಶನೂ ಎಂಟೂ ಹತ್ತರ ಗಾಡಿಗೆ ಓಡಿದ.

ಮಾತಿನ ನಡುವೆ ಒರಳಿನೊಳಗಿನ ಹಿಟ್ಟು ಆರಿ ಕಲ್ಲಾಗಿತ್ತು. ಜಯಲತಾ ಹಿಡಿಗೆ ಜೋತುಬಿದ್ದಳು. ಕದಲಲಿಲ್ಲ. ಸೆರಗು ಸಿಕ್ಕಿಸಿ, ಉಸಿರು ಕಟ್ಟಿ ಮತ್ತೊಮ್ಮೆ ತಿರುಗಿಸಿದಳು. ಒರಳೇ ಅಡುಗೆಮನೆಯ ತುಂಬ ಸುತ್ತಿತೇ ಹೊರತು ಹಿಡಿ ಅಲ್ಲಾಡಲಿಲ್ಲ.

"ರುಕೋ ನಾ," ಎಂದು ಅನುಷ್ಕಾ ಒರಳಿನ ಕಾಲನ್ನು ಪಾದದಿಂದ ಒತ್ತಿ ಹಿಡಿದು, ಎರಡೂ ಕೈ ಕೊಟ್ಟಳು. ಮುಂಗೈಯಲ್ಲಿ ಸಣ್ಣದೊಂದು ನರ ಎದ್ದಿತು. ಜಯಲತಾಳ ಬಾಯಿಗೆ "ನಿಲ್ಲಿಸು" ಬಂತು, ಹಲ್ಲಿನ ಹತ್ತಿರ ನಿಂತಿತು. ಹಿಡಿ ಕಿರ್ರೆಂದು ತಿರುಗಿತು.

"ಅಮ್ಮಾ."

ಜಯಲತಾ ಒಲೆ ನೋಡಿದಳು, ಹಾಲು ಉಕ್ಕುತ್ತಿರಲಿಲ್ಲ. ಫೋನು ಮಲಗಿತ್ತು. ಪಕ್ಕದ ಮನೆಯ ಕುಕ್ಕರು ಕೂಡ ಕೂಗಲಿಲ್ಲ. ಕೈ ಒರೆಸಿಕೊಂಡು, ಮಗಳ ಎದುರು ನೆಲದ ಮೇಲೆ ಕುಳಿತಳು.

"ಡಾಕ್ಟರು ಹಗ್ಗ ಹಿಡಿಯಬಹುದು ಅಂತ ಹೇಳಿದ್ದಾರೆ," ಎಂದಳು. "ಮೊನ್ನೆಯೇ. ನಾನು ನಿನಗೆ ಹೇಳಲಿಲ್ಲ."

ಅನುಷ್ಕಾಳಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಅವಳು ತುಟಿಯೊಳಗೇ ಏನನ್ನೋ ಜೋಡಿಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಯಾವಾಗಲೂ ಹಿಂದಿಯಲ್ಲೇ ಉತ್ತರ ಕೊಡುವ ಹುಡುಗಿ, ಒಂದೊಂದೇ ಮಾತನ್ನು ಹುಡುಕಿ ಕನ್ನಡದಲ್ಲಿ ಕೇಳಿದಳು:

"ನಾನು ಹಗ್ಗ ಹತ್ತುವಾಗ, ನೀನು ಕೆಳಗೆ ನಿಂತು ನೋಡ್ತೀಯಾ?"